ಭಾವ ಬೇಗ ಕ್ಯೂಬ್ ತಳ್ಳಿದರೆ ನಾನು ನೋಡುವುದೇನು

ಆಟ ಶುರುವಾಗಿ ಮೂರ್ನಾಲ್ಕು ಗರ ಬೀಳುವಷ್ಟರಲ್ಲಿ ನಮ್ಮ ಭಾವ ಡಬ್ಲಿಂಗ್ ಕ್ಯೂಬನ್ನು, ಅಂದರೆ ಪಣ ಎರಡು ಪಟ್ಟು ಮಾಡುವ ದಾಳವನ್ನು, ನನ್ನ ಕಡೆ ತಳ್ಳುತ್ತಾರೆ. "ತಗೋತೀಯೋ, ಬಿಡ್ತೀಯೋ?" ಮಳೆಗಾಲದಲ್ಲಿ ತೀರ್ಥಹಳ್ಳಿ ಮನೆಯ ಜಗಲಿಯಲ್ಲಿ ನಡೆಯುವ ಬ್ಯಾಕ್‌ಗ್ಯಾಮನ್ ಇದು, ದಾಳ ಹಾಕಿ ಹದಿನೈದು ಕಾಯಿಗಳನ್ನು ಮೊದಲು ಹೊರಹಾಕಿದವರು ಗೆಲ್ಲುವ ಇಬ್ಬರ ಆಟ. ಪಾಯಿಂಟ್ ಲೆಕ್ಕಕ್ಕೆ ಗೋಟಡಿಕೆ. ಬಿಟ್ಟರೆ ಒಂದು ಅಡಿಕೆ ಕೊಟ್ಟು ಹೊಸ ಆಟ. ತಗೊಂಡರೆ ಆಟ ಎರಡು ಅಡಿಕೆಗೆ ಏರುತ್ತದೆ, ಆದರೆ ಕ್ಯೂಬ್ ನನ್ನದಾಗುತ್ತದೆ, ಮುಂದೆ ಪಣ ಏರಿಸುವ ಹಕ್ಕು ನನಗೆ ಮಾತ್ರ.

ಲೆಕ್ಕ ಸುಲಭ. ಇಂಥದೇ ನಾಲ್ಕು ಆಟ ಬಿಟ್ಟರೆ 4 ಅಡಿಕೆ ನಷ್ಟ. ನಾಲ್ಕನ್ನೂ ತಗೊಂಡು ಮೂರು ಸೋತು ಒಂದು ಗೆದ್ದರೆ 6 ಹೋಗಿ 2 ಬಂತು, ಅದೂ 4. ಅಂದರೆ ನೂರಕ್ಕೆ 25 ಗೆಲ್ಲುವ ಹಾಗಿದ್ದರೆ ಸಾಕು. ಕ್ಯೂಬ್ ನನ್ನ ಹತ್ತಿರ ಇರುವುದರಿಂದ ಇನ್ನೂ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ.

ಆದರೆ ಶುರುವಿನ ಆಟದಲ್ಲಿ ಇದಿಷ್ಟೇ ನೋಡಿದರೆ ಕೆಟ್ಟಿತು. ಅಲ್ಲಿ ಭಯ ಗ್ಯಾಮನ್‌ದು. ನನ್ನ ಒಂದು ಕಾಯಿಯೂ ಹೊರಬೀಳುವ ಮೊದಲೇ ಅವರ ಹದಿನೈದೂ ಹೊರಬಿದ್ದರೆ ಎರಡರ ಬದಲು ನಾಲ್ಕು ಅಡಿಕೆ ಎಣಿಸಬೇಕು. ನೂರರಲ್ಲಿ 35 ಗೆದ್ದು, 40 ಸಾದಾ ಸೋತು, 25 ಗ್ಯಾಮನ್ ಸೋತರೆ 110 ಅಡಿಕೆ ನಷ್ಟ. ಬಿಟ್ಟಿದ್ದರೆ 100. ಮೂರನೇ ಒಂದು ಪಾಲು ಗೆದ್ದೂ ಇಷ್ಟು ಕಷ್ಟ ನೋಡಿ! ಕ್ಯೂಬ್ ಕೈಯಲ್ಲಿದೆ ಅನ್ನುವ ಲಾಭ ಸೇರಿಸಿದರೆ ಮಾತ್ರ ಇಂಥದ್ದನ್ನು ತಗೊಳ್ಳಬಹುದು. ನಾನು ಇಟ್ಟುಕೊಂಡ ಅಳತೆ ಇದು: ಗ್ಯಾಮನ್ ಸೋಲು ನೂರಕ್ಕೆ 2 ಹೆಚ್ಚಾದರೆ ಗೆಲುವು 1 ಹೆಚ್ಚಬೇಕು.

ಆಟದ ನಡುವೆ ಶೇಕಡಾವಾರು ಯಾರು ಲೆಕ್ಕ ಹಾಕುತ್ತಾರೆ? ಹಾಗಾಗಿ ಮೊದಲು ಬಾರ್ ಮೇಲೆ, ಅಂದರೆ ಹೊಡೆತ ತಿಂದ ಕಾಯಿ ಕೂರುವ ನಡುಪಟ್ಟಿಯಲ್ಲಿ, ನನ್ನ ಕಾಯಿ ಎಷ್ಟಿವೆ ಅಂತ ನೋಡುತ್ತೇನೆ. ಆ ಕಾಯಿ ಮತ್ತೆ ಒಳಬರಬೇಕಾದ ಆರು ಮನೆಯ ಅವರ ಹೋಮ್ ಬೋರ್ಡಿನಲ್ಲಿ ಅವರು ಮೂರು ಮನೆ ಕಟ್ಟಿದ್ದರೆ (ಎರಡೋ ಹೆಚ್ಚೋ ಕಾಯಿ ಕೂರಿಸಿ ಮುಚ್ಚಿದ್ದರೆ), ಒಂದೇ ಕಾಯಿ ನಾಲ್ಕರಲ್ಲಿ ಮೂರು ಸಲ ಒಳಗೆ ಬರುತ್ತದೆ. ಎರಡು ಕಾಯಿ ಇದ್ದರೆ ಎರಡೂ ಒಟ್ಟಿಗೆ ಬರುವುದು ನಾಲ್ಕರಲ್ಲಿ ಒಂದೇ ಸಲ. ಎಷ್ಟು ವ್ಯತ್ಯಾಸ, ಅಲ್ವಾ? ಆಮೇಲೆ ಆ್ಯಂಕರ್, ಅಂದರೆ ಅವರ ಹೋಮ್ ಬೋರ್ಡಿನೊಳಗೆ ನಾನು ಎರಡು ಕಾಯಿ ಕೂರಿಸಿ ಹಿಡಿದ ಮನೆ. ಅವರ ಐದನೇ ಮನೆಯಲ್ಲಿ ನನ್ನ ಜೋಡಿ ಕೂತಿದ್ದರೆ ಗ್ಯಾಮನ್ ಭಯ ಬಹಳ ಇಳಿಯುತ್ತದೆ. ಆಗ ಭಾವನ ಮುಖ ಕೂಡ ನೋಡದೆ ತಗೊಂಡುಬಿಡುತ್ತೇನೆ. ಆ್ಯಂಕರ್ ಇಲ್ಲ, ಕಾಯಿ ಬಾರ್ ಮೇಲಿದೆ, ಅವರ ಹತ್ತು ಕಾಯಿ ದಾಳಿಗೆ ಹತ್ತಿರ ಸೇರಿವೆ ಅಂದರೆ ನಿಧಾನಿಸುತ್ತೇನೆ. ಎರಡು ಕಾಯಿ ಬಾರ್ ಮೇಲಿದ್ದರಂತೂ ಸಾಮಾನ್ಯವಾಗಿ ಅಡಿಕೆ ಕೊಟ್ಟು ಏಳುತ್ತೇನೆ.

ಬೇಗ ಕ್ಯೂಬ್ ತಳ್ಳುವುದು ಬರೀ ಹೆದರಿಸುವ ಆಟ ಅನ್ನುವುದು ನಮ್ಮ ಅತ್ತಿಗೆಯ ವಾದ. ಪೂರ್ತಿ ನಿಜ ಅಲ್ಲ. ಎದುರಾಳಿ ತಗೊಳ್ಳಬೇಕೋ ಬಿಡಬೇಕೋ ನಿಮಗೇ ಖಾತ್ರಿ ಇಲ್ಲದಿದ್ದರೆ ಡಬಲ್ ಮಾಡುವುದೇ ಸರಿ ಅಂತ ಅಮೆರಿಕದ ಆಟಗಾರ ಕಿಟ್ ವುಲ್ಸಿ ಹೇಳಿದ ಸೂತ್ರ ಇದೆ. ಇನ್ನೊಂದು ಒಳ್ಳೆ ಗರ ಬೀಳುವವರೆಗೆ ಕಾದರೆ ನಾನು ಆರಾಮಾಗಿ ಬಿಟ್ಟೇ ಬಿಡುತ್ತೇನೆ, ಅವರಿಗೆ ಸಿಗುವುದು ಒಂದೇ ಅಡಿಕೆ. ಭಾವ ಅದನ್ನು ಚೆನ್ನಾಗಿ ಬಲ್ಲರು.

ಕಾಯಿಗಳು ಒಂದನ್ನೊಂದು ದಾಟಿ ಬರೀ ಓಟ ಉಳಿದರೆ ಯೋಚನೆ ಕಡಿಮೆ. ಎಲ್ಲ ಕಾಯಿ ಹೊರಬೀಳಲು ಅವರು ಇನ್ನೂ ಸಾಗಬೇಕಾದ ಒಟ್ಟು ಮನೆಗಳಿಗಿಂತ ನನ್ನದು ನೂರಕ್ಕೆ 12ರಷ್ಟು ಜಾಸ್ತಿ ಇರುವವರೆಗೂ ತಗೊಳ್ಳುತ್ತೇನೆ. ಅವರದು 100 ಆದರೆ ನನ್ನದು 112.

ತಗೊಂಡ ಮೇಲೆ ಕ್ಯೂಬನ್ನು ಸುಮ್ನೆ ಇಟ್ಟುಕೊಳ್ಳುವುದೂ ಒಂದು ಕೆಲಸ. ಅದು ನನ್ನ ಬಳಿ ಇರುವಷ್ಟು ಹೊತ್ತು ಭಾವ ನನ್ನನ್ನು ಆಟದಿಂದ ಎಬ್ಬಿಸುವ ಹಾಗಿಲ್ಲ, ಕೊನೇ ಗರದವರೆಗೆ ಆಡಿಯೇ ಗೆಲ್ಲಬೇಕು. ದಾಳಿ ಮುಗ್ಗರಿಸಿ ಅವರ ಒಂಟಿ ಕಾಯಿ ಹೊಡೆದ ತಕ್ಷಣ ಹಿಂದಕ್ಕೆ ತಳ್ಳುವ ಆಸೆ ಆಗುತ್ತದೆ. ನಾನು ಆ ಕಾಯಿಯನ್ನು ಸರಿಯಾಗಿ ಕಟ್ಟಿಹಾಕುವವರೆಗೆ ನೋಡಿ, ಆಮೇಲೆ 4ಕ್ಕೆ ತಿರುಗಿಸುತ್ತೇನೆ.

ಮ್ಯಾಚ್ (ಮೊದಲೇ ಗೊತ್ತುಮಾಡಿದಷ್ಟು ಪಾಯಿಂಟ್ ಮೊದಲು ಮುಟ್ಟಿದವರು ಗೆಲ್ಲುವುದು) ಆಡುವಾಗ ಸ್ಕೋರ್ ಇದನ್ನೆಲ್ಲ ತಲೆಕೆಳಗು ಮಾಡುತ್ತದೆ. ಭಾವನಿಗೆ ಗೆಲ್ಲಲು ಎರಡೇ ಪಾಯಿಂಟ್ ಬೇಕಿದ್ದು, ನನಗೆ ಅದಕ್ಕಿಂತ ಜಾಸ್ತಿ ಬೇಕಿದ್ದಾಗ ಅವರು ಡಬಲ್ ಮಾಡಿದರೆ ನನಗೆ ಖುಷಿ. ಗ್ಯಾಮನ್‌ನಿಂದ ಅವರಿಗೆ ಹೆಚ್ಚೇನೂ ಸಿಗುವುದಿಲ್ಲ. ಸೋತರೆ ಮ್ಯಾಚ್ ಹೇಗೂ ಹೋಯಿತು, ಆದ್ದರಿಂದ ನನ್ನ ಮುಂದಿನ ಸರದಿಯಲ್ಲೇ ಕ್ಯೂಬ್ 4ಕ್ಕೆ ತಿರುಗಿಸಿ ವಾಪಸ್ ಕೊಡುತ್ತೇನೆ.