ಮಾಗಿಯಲ್ಲಿ ಹಿತ್ತಲಿಗೆ ಹಕ್ಕಿ ಕರೆಯುವುದು ಹೇಗೆ: ಮೊದಲು ನೀರು, ಆಮೇಲೆ ಕಾಳು

ಚಳಿಗಾಲ ಬಂತೆಂದರೆ ಹಕ್ಕಿಗಳಿಗೆ ಕಾಳು ಹಾಕಬೇಕು ಎಂಬುದು ಹಿಮ ಬೀಳುವ ನಾಡುಗಳ ಮಾತು. ಅಲ್ಲಿ ನೆಲ ಹೆಪ್ಪುಗಟ್ಟುತ್ತದೆ, ಹುಳುಹುಪ್ಪಟೆ ಸಿಗುವುದಿಲ್ಲ, ಮನೆಯವರು ಮರಕ್ಕೆ ತೂಗುಹಾಕುವ ಕಾಳಿನ ಡಬ್ಬಿಯಿಂದ ಎಷ್ಟೋ ಹಕ್ಕಿಗಳ ಹೊಟ್ಟೆ ತುಂಬುತ್ತದೆ. ನಮ್ಮ ಶಿಡ್ಲಘಟ್ಟದ ಕಡೆ ಲೆಕ್ಕವೇ ಬೇರೆ. ಮಾರ್ಗಶಿರ ಹಿಡಿಯುವ ಹೊತ್ತಿಗೆ ರಾಗಿ ಕೊಯ್ದು ಮೆದೆ ಹಾಕಿರುತ್ತೇವೆ, ಕಣದ ಸುತ್ತ ಕಾಳು ಚೆಲ್ಲಿರುತ್ತದೆ, ಅವರೆ ಹೊಲದ ತುಂಬ ಹುಳು. ಹಕ್ಕಿಯ ಹೊಟ್ಟೆಗೆ ಇದು ಸುಗ್ಗಿ ಕಾಲ. ಕೊರತೆ ಇರುವುದು ನೀರಿಗೆ. ಹಿಂಗಾರು ನಿಂತ ಮೇಲೆ ಕುಂಟೆಗಳು ಒಂದೊಂದಾಗಿ ಬತ್ತುತ್ತವೆ. ವರ್ಷವಿಡೀ ಹರಿಯುವ ನದಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಒಂದೂ ಇಲ್ಲ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎರಡೂ ಮಳೆಗಾಲ ಕಳೆದರೆ ಬರೀ ಮರಳು. ಹಿಂದೆ ತೋಟದ ಕಾಲುವೆಯಲ್ಲಿ ನೀರು ಹರಿಯುವಾಗ ಹಕ್ಕಿಗಳು ಅಲ್ಲೇ ಕುಡಿದು ಮೀಯುತ್ತಿದ್ದವು. ಈಗ ಕೊಳವೆಬಾವಿಯ ನೀರು ಹನಿ ನೀರಾವರಿಯ ಪೈಪಿನೊಳಗೇ ಹೋಗಿ ಬೇರು ಸೇರುತ್ತದೆ. ರೈತರಾದ ನಮಗೆ ಅದು ಅನಿವಾರ್ಯ, ಆದರೆ ಹಕ್ಕಿಗೆ ಕಣ್ಣಿಗೆ ಕಾಣುವ ನೀರೇ ಇಲ್ಲದಂತಾಯಿತು.

ಇನ್ನೊಂದು ಕಾರಣವೂ ಇದೆ. ಚಳಿಗಾಲದ ನಿಜವಾದ ಅತಿಥಿಗಳು ದೂರದಿಂದ ಬರುವ ವಲಸೆ ಹಕ್ಕಿಗಳು. ಉಲಿಯಕ್ಕಿ, ನೊಣಹಿಡುಕ, ಬೂದು ಕಾಜಾಣ, ಕಂದು ಕಳಿಂಗ, ಕುಂಡೆಕುಸ್ಕ, ನವರಂಗ ಇವೆಲ್ಲ ಹುಳು ತಿಂದು ಬದುಕುವಂಥವು. ನೀವು ಎಷ್ಟೇ ಅಕ್ಕಿ ಚೆಲ್ಲಿದರೂ ಇವು ತಿರುಗಿ ನೋಡುವುದಿಲ್ಲ. ನೀರಿಗೆ ಮಾತ್ರ ಬಂದೇ ಬರುತ್ತವೆ. ಅದಕ್ಕೇ ಹಕ್ಕಿ ನೋಡುವ ಆಸೆಯಿಂದ ಯಾರಾದರೂ ಕೇಳಿದರೆ, ಅಂಗಡಿಯ ಪ್ಲಾಸ್ಟಿಕ್ ಫೀಡರ್‌ಗೆ ದುಡ್ಡು ಹಾಕಬೇಡಿ, ಒಂದು ಮಣ್ಣಿನ ತಟ್ಟೆ ತನ್ನಿ ಎನ್ನುತ್ತೇನೆ.

ತಟ್ಟೆ ಅಗಲವಾಗಿರಬೇಕು, ಆಳ ಇರಬಾರದು. ಹೂವಿನ ಕುಂಡದ ಕೆಳಗೆ ಇಡುವ ದೊಡ್ಡ ತಟ್ಟೆ ಸಾಕು. ಸಣ್ಣ ಹಕ್ಕಿಗೆ ಒಂದು ಅಂಗುಲ ನೀರು ಹೆಚ್ಚೇ. ಗೊರವಂಕ, ಬೆಳವಗಳಿಗೆ ಎರಡು ಅಂಗುಲ. ಆದ್ದರಿಂದ ಒಂದು ಕಡೆ ಚಪ್ಪಟೆ ಕಲ್ಲಿಟ್ಟು ತಟ್ಟೆಯೊಳಗೇ ಇಳಿಜಾರು ಮಾಡಿ. ಒಳಮೈ ಒರಟಾಗಿರಲಿ. ನುಣುಪಾದ ಸ್ಟೀಲ್ ಬೇಸಿನ್ನು, ಪಿಂಗಾಣಿಯಲ್ಲಿ ಕಾಲು ಜಾರುವುದರಿಂದ ಹಕ್ಕಿಗಳು ಅಂಚಿನಲ್ಲಿ ನಿಂತು ಕುಡಿದು ಹೋಗುತ್ತವೆಯೇ ಹೊರತು ಒಳಗಿಳಿದು ಮೀಯುವುದಿಲ್ಲ. ಮೀಯುವುದನ್ನು ನೋಡದಿದ್ದರೆ ಅರ್ಧ ಸುಖ ಹೋದಂತೆಯೇ.

ಎಲ್ಲಿಡಬೇಕು ಎನ್ನುವುದರಲ್ಲಿ ಬೆಕ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿ. ತಟ್ಟೆಯ ಸುತ್ತ ಏಳೆಂಟು ಅಡಿ ಬಯಲಿರಬೇಕು, ಬೆಕ್ಕು ಹೊಂಚು ಹಾಕಲು ಮರೆ ಸಿಗಬಾರದು. ಆದರೆ ಅದರಾಚೆ ಒಂದು ಪೊದೆ ಅಥವಾ ಬೇಲಿ ಇರಲೇಬೇಕು. ಇಲ್ಲವಾದರೆ ಪುಕ್ಕಲು ಹಕ್ಕಿಗಳು ಇಳಿಯುವ ಧೈರ್ಯ ಮಾಡುವುದಿಲ್ಲ. ಮನೆಗೆ ದೊಡ್ಡ ಗಾಜಿನ ಕಿಟಕಿ ಇದ್ದರೆ ತಟ್ಟೆ ಅದರ ಪಕ್ಕದಲ್ಲೇ ಮೂರಡಿಯೊಳಗೆ ಇರಲಿ, ಅಥವಾ ಮೂವತ್ತು ಅಡಿಗಿಂತ ದೂರವಿರಲಿ. ನಡುವಿನ ದೂರದಲ್ಲಿಟ್ಟರೆ ಗಾಬರಿಯಿಂದ ಎದ್ದ ಹಕ್ಕಿ ಗಾಜಿನಲ್ಲಿ ಕಾಣುವ ಮರವನ್ನೇ ನಿಜವೆಂದು ನಂಬಿ ರಭಸದಿಂದ ಹೋಗಿ ಬಡಿಯುತ್ತದೆ.

ನಮ್ಮದು ರೇಷ್ಮೆ ಸಾಕುವ ಮನೆ. ಈಗ ಹುಳುಗಳಿಂದ ಗೂಡು ಕಟ್ಟಿಸಲು ನೇತ್ರಿಕೆ ಎಂಬ ಪ್ಲಾಸ್ಟಿಕ್ ಚೌಕಟ್ಟು ಬಂದ ಮೇಲೆ, ಅದೇ ಕೆಲಸಕ್ಕಿದ್ದ ಚಂದ್ರಿಕೆ ಎಂಬ ಹಳೆಯ ಬಿದಿರಿನ ತಟ್ಟಿಗಳು ಅಟ್ಟ ಸೇರಿವೆ. ಅಂಥದ್ದೊಂದನ್ನು ತೊಳೆದು, ಬಿಸಿಲಿಗೆ ಒಣಗಿಸಿ, ತಟ್ಟೆಯ ಹಿಂದಿನ ಕಾಂಪೌಂಡಿಗೆ ಆನಿಸಿದ್ದೇನೆ. ಸುರುಳಿ ಸುರುಳಿಯಾದ ಆ ಬಿದಿರಿನ ಪಟ್ಟಿಗಳ ಮೇಲೆ ಹಕ್ಕಿಗಳು ಮೊದಲು ಕೂರುತ್ತವೆ, ಅತ್ತಿತ್ತ ನೋಡುತ್ತವೆ, ಆಮೇಲೆ ಇಳಿಯುತ್ತವೆ. ಚಂದ್ರಿಕೆ ಇಲ್ಲದವರು ಕವಲೊಡೆದ ಒಣ ರೆಂಬೆಯೊಂದನ್ನು ನೆಲಕ್ಕೆ ನೆಡಬಹುದು. ನೋಡುವವರಿಗೂ ಇದರಿಂದ ಅನುಕೂಲ: ನೀರಿಗೆ ಇಳಿದ ಹಕ್ಕಿ ತಲೆ ತಗ್ಗಿಸಿರುತ್ತದೆ, ರೆಂಬೆಯ ಮೇಲೆ ಕೂತದ್ದು ಎದೆ, ಬಾಲ, ಕೊಕ್ಕು ಎಲ್ಲವನ್ನೂ ತೋರಿಸುತ್ತದೆ.

ನೀರನ್ನು ದಿನಾ ಬೆಳಿಗ್ಗೆ ಚೆಲ್ಲಿ ಹೊಸದು ತುಂಬಿ. ಸೊಳ್ಳೆಯ ಮೊಟ್ಟೆ ಹುಳುವಾಗಿ, ರೆಕ್ಕೆ ಬಂದು ಹಾರಲು ಸುಮಾರು ಒಂದು ವಾರ ಬೇಕು. ದಿನಾ ಚೆಲ್ಲುವ ತಟ್ಟೆಯಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಡೆಂಗಿ ಸಮೀಕ್ಷೆಗೆ ಬರುವ ಆಶಾ ಕಾರ್ಯಕರ್ತೆಯರಿಗೂ ಇದನ್ನೇ ಹೇಳಿ ತಟ್ಟೆ ತೋರಿಸುತ್ತೇನೆ. ವಾರಕ್ಕೆರಡು ಬಾರಿ ತೆಂಗಿನ ನಾರಿನಿಂದ ತಿಕ್ಕಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಸೋಪು ಬೇಡ. ಹಿಕ್ಕೆ ಬಿದ್ದ ನೀರು, ಕಾಳುಗಳ ಮೂಲಕ ಹಕ್ಕಿಯಿಂದ ಹಕ್ಕಿಗೆ ರೋಗ ಹರಡುತ್ತದೆ. ಗಲೀಜು ತಟ್ಟೆ ಇಡುವುದಕ್ಕಿಂತ ಇಡದಿರುವುದೇ ಮೇಲು.

ಈಗ ಕಾಳಿನ ವಿಚಾರ. ಕಾಳು ತಿನ್ನುವವು ನಮ್ಮೂರಿನ ಖಾಯಂ ಹಕ್ಕಿಗಳು: ಗುಬ್ಬಚ್ಚಿ, ರಾಟವಾಳ, ಬೆಳವ. ಇವುಗಳಿಗೆ ನವಣೆ, ಸಜ್ಜೆ, ರಾಗಿ, ಅಕ್ಕಿ ನುಚ್ಚು ಒಳ್ಳೆಯದು. ಬೆಳಿಗ್ಗೆ ಒಂದು ಹಿಡಿ, ಅಷ್ಟೇ. ಮಧ್ಯಾಹ್ನದೊಳಗೆ ಖಾಲಿಯಾಗುವಷ್ಟು ಮಾತ್ರ ಹಾಕಬೇಕು. ಪ್ರೀತಿಯೆಂದು ಸೇರುಗಟ್ಟಲೆ ಸುರಿದರೆ ಪಾರಿವಾಳಗಳು ಹಿಂಡುಹಿಂಡಾಗಿ ಬಂದು ನೆಲೆ ನಿಲ್ಲುತ್ತವೆ, ಗುಬ್ಬಚ್ಚಿಗೆ ಜಾಗವಿರುವುದಿಲ್ಲ. ರಾತ್ರಿ ಉಳಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆಯೇ ಹಾವು. ರೇಷ್ಮೆ ಹುಳು ಮನೆ ಇರುವವರಿಗೆ ಇಲಿಯ ಕಾಟ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಚೆಂದ ತೆನೆಯನ್ನೇ ಕಟ್ಟುವುದು. ಕೊಯ್ಲಿನ ದಿನ ಸಜ್ಜೆಯದೋ ನವಣೆಯದೋ ಹತ್ತಿಪ್ಪತ್ತು ತೆನೆ ತೆಗೆದಿಟ್ಟು, ಗೋಣಿ ದಾರದಲ್ಲಿ ಗೊಂಚಲು ಮಾಡಿ, ಸೂರಿನ ಕೆಳಗೆ ಬೆಕ್ಕು ಎಗರಲಾರದ ಎತ್ತರದಲ್ಲಿ ತೂಗುಹಾಕಿ. ಚುಕ್ಕೆ ರಾಟವಾಳಗಳು ಬಂದರೆ ಗಂಟೆಗಟ್ಟಲೆ ನೋಡಬಹುದು. ಹಿಡಿಗಾತ್ರದ ಹಕ್ಕಿ, ಬೆನ್ನು ಕಂದು, ಹೊಟ್ಟೆಯ ಬಿಳಿಯ ಮೇಲೆ ಮೀನಿನ ಹುರುಪೆಯಂಥ ಗೆರೆ. ತೆನೆಗೆ ಓರೆಯಾಗಿ ಜೋತುಬಿದ್ದು, ಒಂದೊಂದೇ ಕಾಳು ಕಿತ್ತು, ಕೊಕ್ಕಿನಲ್ಲೇ ತಿರುಗಿಸಿ ಸಿಪ್ಪೆ ಸುಲಿದು ಬೀಳಿಸುತ್ತದೆ. ಕೆಳಗೆ ನೆಲದ ಮೇಲೆ ಹೊಟ್ಟಿನ ಸಣ್ಣ ರಾಶಿ ಬೆಳೆಯುತ್ತಾ ಹೋಗುತ್ತದೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ. ಬಿತ್ತನೆಗೆಂದು ತಂದು ಉಳಿದ ಬೀಜವನ್ನು ಹಕ್ಕಿಗೆ ಹಾಕಬಾರದು. ಮುಸುಕಿನ ಜೋಳ, ಸೂರ್ಯಕಾಂತಿ ಬೀಜಗಳಿಗೆ ಗುಲಾಬಿಯೋ ಹಸಿರೋ ಬಣ್ಣ ಬಳಿದಿರುತ್ತದಲ್ಲ, ಅದು ಬೀಜೋಪಚಾರದ ಔಷಧಿಯ ಗುರುತು. ಅದು ವಿಷ. ಬೂಷ್ಟು ಹಿಡಿದ ಕಡಲೆಕಾಯಿ, ಖಾರ, ಕುರುಕಲು ತಿಂಡಿ, ಬ್ರೆಡ್ಡು ಇವೂ ಬೇಡ. ರೇಷ್ಮೆ ಸಾಕುವ ಅಕ್ಕತಂಗಿಯರಿಗೆ ಇನ್ನೊಂದು ಮಾತು: ರೋಗ ಬಂದ ಹುಳುಗಳನ್ನು ಹಕ್ಕಿ ತಿನ್ನಲಿ ಎಂದು ಎಸೆಯದೆ, ಸುಣ್ಣ ಹಾಕಿ ಹೂಳಿ. ಹುಳು ಮನೆ ತೊಳೆದ ಬ್ಲೀಚಿಂಗ್ ಪೌಡರ್ ನೀರೂ ತಟ್ಟೆಯ ಕಡೆ ಹರಿಯದಿರಲಿ.

ನಮ್ಮ ಅತ್ತೆಯವರು ಊಟಕ್ಕೆ ಮೊದಲು ಕಾಗೆಗೆ ಒಂದು ತುತ್ತು ಇಡುತ್ತಾರೆ. ಅದನ್ನು ನಿಲ್ಲಿಸುವ ಮಾತೇ ಇಲ್ಲ. ಕಾಗೆಯ ಅನ್ನ ಮಾಳಿಗೆಯ ಮೇಲೆ, ಸಣ್ಣ ಹಕ್ಕಿಯ ನೀರು ಹಿತ್ತಲಲ್ಲಿ ಎಂದು ಬೇರೆ ಮಾಡಿದರೆ ಸಾಕು. ಕಾಗೆ ಒಣ ರೊಟ್ಟಿ ಚೂರನ್ನೋ ಮೂಳೆಯನ್ನೋ ತಂದು ನೀರಿನಲ್ಲಿ ನೆನೆಸಿ ತಿನ್ನುವ ಜಾಣ ಹಕ್ಕಿ. ಅದಕ್ಕೂ ಒಂದು ತಟ್ಟೆ ಮೇಲೆಯೇ ಇಡಿ.

ಪಿಕಳಾರ, ಕಬ್ಬಕ್ಕಿ, ಕೋಗಿಲೆಗಳಿಗೆ ಹಣ್ಣು ಬೇಕು. ಬಲಿತ ಪಪ್ಪಾಯಿಯ ಹೋಳನ್ನೋ ಸೀಬೆಯನ್ನೋ ಮುರಿದ ರೆಂಬೆಯ ತುದಿಗೆ ಸಿಕ್ಕಿಸಿ, ಸಂಜೆಗೆ ತೆಗೆದುಬಿಡಿ. ಅದಕ್ಕಿಂತ ಒಳ್ಳೆಯದು ಗಿಡ ನೆಡುವುದು. ಗಸಗಸೆ ಹಣ್ಣಿನ ಮರವೊಂದಿದ್ದರೆ ಹೆಚ್ಚುಕಡಿಮೆ ವರ್ಷಪೂರ್ತಿ ಹಣ್ಣು, ಹಕ್ಕಿ ಎರಡಕ್ಕೂ ಬರವಿಲ್ಲ. ಹಿಪ್ಪುನೇರಳೆ ತೋಟದವರು ಬದುವಿನಲ್ಲಿ ಎರಡು ಗಿಡಗಳನ್ನು ಸವರದೆ ಮರವಾಗಲು ಬಿಡಿ. ಸೂರಕ್ಕಿಗೆ ಸಕ್ಕರೆ ನೀರಿನ ಬಾಟಲಿ ಬೇಡವೇ ಬೇಡ. ಅದು ಅಮೆರಿಕದ ಹಮ್ಮಿಂಗ್‌ಬರ್ಡ್‌ಗಳಿಗೆ ಮಾಡಿದ್ದು. ನಮ್ಮ ಸೂರಕ್ಕಿಗೆ ದಾಸವಾಳ, ಹಾಲವಾಣ, ಬೇಲಿಯ ಕಾಡುಹೂಗಳೇ ಸಾಕು, ಮರಿಗಳಿಗೆ ಹೂವಿನ ಸುತ್ತಲಿನ ಹುಳುಗಳೂ ಬೇಕು.

ಹಿತ್ತಲಿನ ಒಂದು ಮೂಲೆಯನ್ನು ಗುಡಿಸದೆ ಬಿಡಿ ಎಂದರೆ ಮನೆಯಲ್ಲಿ ಹಿರಿಯರು ಒಪ್ಪುವುದು ಕಷ್ಟ, ಗೊತ್ತು. ಆದರೂ ಬಿಡಿ. ತರಗೆಲೆಯ ಅಡಿಯಲ್ಲಿ ಹುಳುವಿರುತ್ತದೆ. ಹರಟೆಮಲ್ಲಗಳ ಗುಂಪು ಬಂದು ಎಲೆ ಮಗುಚಿ ಮಗುಚಿ ಹುಡುಕುತ್ತವೆ. ನವರಂಗ ಬರುವುದಾದರೂ ಅಂಥ ಮೂಲೆಗೇ. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ ಚಳಿಗೆ ದಕ್ಷಿಣಕ್ಕೆ ಬರುವ ಈ ಹಕ್ಕಿ ದಾರಿಯಲ್ಲಿ ದಣಿದು ಊರ ಹಿತ್ತಲುಗಳಲ್ಲಿ ಇಳಿಯುವುದುಂಟು. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಬಾಲದ ಬುಡದಲ್ಲಿ ಕೆಂಪು, ಮೋಟು ಬಾಲ. ಮುಂಜಾನೆ, ಮುಸ್ಸಂಜೆ ಎರಡು ದನಿಯ ಸಿಳ್ಳೆ. ಅಕ್ಟೋಬರ್, ನವೆಂಬರಿನಲ್ಲಿ ಇದು ನಿತ್ರಾಣವಾಗಿ ನೆಲದಲ್ಲಿ ಕೂತಿದ್ದರೆ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲೆಯಲ್ಲಿ ಒಂದೆರಡು ಗಂಟೆ ಬಿಟ್ಟು, ಚೇತರಿಸಿಕೊಂಡ ಮೇಲೆ ಪೊದೆಯ ಬಳಿ ಹಾರಬಿಡಿ. ಬಾಯಿಗೆ ನೀರು ಹಾಕಬೇಡಿ, ಅದು ಉಸಿರಿನ ನಾಳಕ್ಕೆ ಹೋಗುತ್ತದೆ. ರೆಕ್ಕೆ ಮುರಿದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ನೋಡುವ ಹೊತ್ತು ಯಾವುದು? ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವಾಗ ಆರೂಮುಕ್ಕಾಲು. ಮಂಜು ಕವಿದ ದಿನ ತೀರ ಬೇಗ ಎದ್ದು ಕೂತು ಫಲವಿಲ್ಲ. ಬಿಸಿಲು ಬೇಲಿಗೆ ತಾಗಿ ಹುಳುಗಳು ಎದ್ದ ಮೇಲೆಯೇ ಹಕ್ಕಿಗಳ ಓಡಾಟ; ಏಳೂವರೆಯಿಂದ ಒಂಬತ್ತು ಒಳ್ಳೆಯ ಸಮಯ. ಮತ್ತೆ ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಮೀಯುವ ಹೊತ್ತು. ದಿನವೂ ಅದೇ ಜಾಗ, ಅದೇ ಹೊತ್ತು, ಅದೇ ಮಾಸಲು ಬಣ್ಣದ ಸೀರೆಯೋ ಶಾಲೋ. ಸೊಳ್ಳೆ ಜಾಲರಿ ಹಾಕಿದ ಕಿಟಕಿಯ ಹಿಂದೆ, ದೀಪ ಆರಿಸಿ ಕೂತರೆ ಹಕ್ಕಿಗೆ ನೀವು ಕಾಣುವುದಿಲ್ಲ. ನಾನು ಅವರೆಕಾಯಿ ಸುಲಿಯುತ್ತಾ ಕೂರುತ್ತೇನೆ. ಕೈಗೆ ಕೆಲಸವಿದ್ದರೆ ಮೈ ಅಲುಗಾಡುವುದಿಲ್ಲ, ಬೇಸರವೂ ಬರುವುದಿಲ್ಲ. ದುರ್ಬೀನು ಕೊಳ್ಳುವುದಾದರೆ 8x42 ಅಳತೆಯದು (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಕೈಗೆ ಹಗುರ, ನೋಟ ಅಗಲ. ಇಲ್ಲದಿದ್ದರೂ ಹಿತ್ತಲಿನ ದೂರಕ್ಕೆ ಬರಿಗಣ್ಣು ಸಾಕು.

ಗುರುತಿಸುವಾಗ ಬಣ್ಣಕ್ಕೆ ಮರುಳಾಗಬೇಡಿ. ಗುಬ್ಬಚ್ಚಿಗಿಂತ ಚಿಕ್ಕದೋ, ಗೊರವಂಕದಷ್ಟೋ ಎಂದು ಮೊದಲು ಗಾತ್ರ. ಆಮೇಲೆ ಕೊಕ್ಕು, ಬಾಲ, ಕೂರುವ ರೀತಿ. ಬೂದು ಕುಂಡೆಕುಸ್ಕ ನಡೆಯುವಾಗಲೂ ನಿಂತಾಗಲೂ ಬಾಲವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಲೇ ಇರುತ್ತದೆ, ದೂರದಿಂದಲೇ ಹೆಸರು ಹೇಳಬಹುದು. ಬೇಲಿಯೊಳಗಿನಿಂದ ಕಲ್ಲಿಗೆ ಕಲ್ಲು ತಟ್ಟಿದಂಥ ‘ಚಕ್, ಚಕ್’ ಬಂದರೆ ಅದು ಬ್ಲೈತ್ ರೀಡ್ ವಾರ್ಬ್ಲರ್ ಎಂಬ ಉಲಿಯಕ್ಕಿ. ಬೆನ್ನು ಮಣ್ಣಿನ ಕಂದು, ಹೊಟ್ಟೆ ಮಾಸಲು ಬಿಳಿ, ಹೇಳಿಕೊಳ್ಳುವ ಅಲಂಕಾರ ಒಂದೂ ಇಲ್ಲ. ಆದರೆ ರಷ್ಯಾ, ಮಧ್ಯ ಏಷ್ಯಾದ ಪೊದೆಗಳಲ್ಲಿ ಮರಿ ಮಾಡಿ ನಮ್ಮ ಬೇಲಿಗೆ ಬಂದಿರುವ ಜೀವ ಅದು. ನೀರಿಗೆ ಬರುವ ಪರಿ ನೋಡಿ: ಬೇಲಿಯ ಬುಡದಿಂದ ಒಂದು ನೆಗೆತ, ಚಂದ್ರಿಕೆಯ ಕೆಳಪಟ್ಟಿಗೆ ಇನ್ನೊಂದು, ಅಲ್ಲಿಂದ ತಟ್ಟೆಯಂಚಿಗೆ. ಒಮ್ಮೆ ಎದೆ ಅದ್ದಿ ಪಟ್ಟನೆ ಬೇಲಿಗೆ ವಾಪಸು. ಅಪಾಯವಿಲ್ಲ ಎಂದು ಗೊತ್ತಾದ ಮೇಲೆ ಮತ್ತೆ ಬಂದು, ಈ ಸಲ ರೆಕ್ಕೆ ಬಡಿದು ಪೂರ್ತಿ ನೆನೆದು, ಒಣ ರೆಂಬೆಯ ಮೇಲೆ ಗರಿಗಳನ್ನೆಲ್ಲ ಉಬ್ಬಿಸಿ ಒಂದೊಂದನ್ನೇ ತೀಡುತ್ತದೆ. ನೀವು ಎದ್ದು ನಿಲ್ಲಬಾರದ ಗಳಿಗೆ ಇದೇ. ಇದ್ದಕ್ಕಿದ್ದಂತೆ ಎಲ್ಲ ಹಕ್ಕಿಗಳೂ ದನಿ ಅಡಗಿಸಿ ಮಾಯವಾದರೆ ಮರದಲ್ಲಿ ಶಿಕ್ರಾ ಎಂಬ ಬೇಟೆ ಹಕ್ಕಿ ಕೂತಿದೆಯೇ ಎಂದು ನೋಡಿ. ಅದನ್ನು ಓಡಿಸಬೇಡಿ, ಅದರ ಹೊಟ್ಟೆಪಾಡು ಅದರದು. ಹಾಗೆಯೇ ಹಕ್ಕಿಯನ್ನು ಹತ್ತಿರ ಕರೆಯಲು ಮೊಬೈಲಿನಲ್ಲಿ ಅದರ ಕೂಗು ಹಾಕಬೇಡಿ.

ಕಂಡದ್ದನ್ನು ಬರೆದಿಡಿ: ತಾರೀಖು, ಹೊತ್ತು, ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು. ಮರ್ಲಿನ್ ಆ್ಯಪ್ ಫೋಟೊ ನೋಡಿ, ದನಿ ಕೇಳಿ ಹೆಸರು ಸೂಚಿಸುತ್ತದೆ. ಅದು ಹೇಳಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ನಂಬಿ. ಕಂಡ ಹಕ್ಕಿಗಳ ಲೆಕ್ಕ ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಸೇರಿಸಿದರೆ ನಿಮ್ಮ ಹಿತ್ತಲಿನ ಲೆಕ್ಕ ವಿಜ್ಞಾನಿಗಳಿಗೂ ಸಿಗುತ್ತದೆ. ಫೆಬ್ರವರಿ ನಡುವಿನಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಿತ್ತಲ ಹಕ್ಕಿ ಎಣಿಕೆಗೆ ಭಾರತ 2013ರಲ್ಲಿ ಸೇರಿತು. ಮನೆಯಲ್ಲೇ ಹದಿನೈದು ನಿಮಿಷ ಕೂತು ಎಣಿಸಿದರೂ ಅದರಲ್ಲಿ ಪಾಲ್ಗೊಂಡಂತೆ. ನಮ್ಮ ತಾಲ್ಲೂಕುಗಳಿಂದ ಹೋಗುವ ಪಟ್ಟಿಗಳು ಹೆಚ್ಚಬೇಕೆಂಬುದು ನನ್ನ ಆಸೆ. ಶಾಲೆಯ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ, ಅವರ ಕಣ್ಣು ನಮಗಿಂತ ಚುರುಕು.

ಏಪ್ರಿಲ್ ಹೊತ್ತಿಗೆ ವಲಸೆ ಹಕ್ಕಿಗಳು ಹೊರಟುಹೋಗುತ್ತವೆ. ಆಗ ಕಾಳು ಕಡಿಮೆ ಮಾಡಿದರೂ ನಡೆಯುತ್ತದೆ, ನೀರು ನಿಲ್ಲಿಸಬೇಡಿ. ತಟ್ಟೆಯನ್ನು ನೆರಳಿಗೆ ಸರಿಸಿ, ಮಧ್ಯಾಹ್ನ ಇನ್ನೊಮ್ಮೆ ತುಂಬಿ.