ಗುರುಗಳ ಪಾಠದ ಟಿಪ್ಪಣಿಯನ್ನು ಗೆಳೆಯರೊಡನೆ ಹಂಚಿಕೊಳ್ಳುವ ಬಗೆ

ಬಸವನಗುಡಿಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ ನಡೆಯುವ ಗೀತಾಪಾಠಕ್ಕೆ ನಾವು ಆರು ಮಂದಿ ಗೆಳೆಯರು ಹೋಗುತ್ತೇವೆ. ನಮ್ಮ ಗುರುಗಳು ವಾರಕ್ಕೆ ಎರಡು ಶ್ಲೋಕಗಳಿಗಿಂತ ಮುಂದೆ ಹೋಗುವುದಿಲ್ಲವಾದ್ದರಿಂದ 700 ಶ್ಲೋಕಗಳು ಮುಗಿಯಲು 350 ವಾರ, ಅಂದರೆ ಹೆಚ್ಚುಕಡಿಮೆ ಏಳು ವರ್ಷ ಹಿಡಿಯುತ್ತದೆ. ಅಷ್ಟು ಕಾಲ ಒಂದು ವಾರವೂ ತಪ್ಪಿಸದೆ ಬರುವುದು ಈ ಊರಿನಲ್ಲಿ ಯಾರಿಗೂ ಸಾಧ್ಯವಿಲ್ಲ. ಬಂದವರು ಬರೆದುಕೊಂಡದ್ದು ಬಾರದವರಿಗೆ ತಲುಪಲೇಬೇಕು, ಆದರೆ ಅದು ಕೆಡದೆ ತಲುಪಬೇಕು.

ಎಲ್ಲಕ್ಕಿಂತ ಮೊದಲು ಗುರುಗಳ ಅನುಮತಿ ಪಡೆಯಿರಿ. ಇದು ಬರಿಯ ಶಿಷ್ಟಾಚಾರವಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯು ಉಪನ್ಯಾಸ ಎಂಬ ಪದದೊಳಗೆ ಧರ್ಮಪ್ರವಚನವನ್ನೂ ಸೇರಿಸಿದೆ, ಮತ್ತು ಸಾರ್ವಜನಿಕವಾಗಿ ಆಡಿದ ಭಾಷಣದ ಮೊದಲ ಹಕ್ಕನ್ನು ಆಡಿದವರಿಗೇ ಕೊಟ್ಟಿದೆ. ನಾವು ಕೇಳಿದಾಗ ನಮ್ಮ ಗುರುಗಳು, ಪಾಠಕ್ಕೆ ಬರುವವರ ನಡುವೆ ಮಾತ್ರ ಹಂಚಿಕೊಳ್ಳಿ, ಹೊರಗೆ ಕಳುಹಿಸಬೇಡಿ ಎಂದರು. ಅದನ್ನು ಪ್ರತಿ ಹಾಳೆಯ ತಲೆಯಲ್ಲಿ ಬರೆದಿಡುತ್ತೇವೆ. ಪಾಠದ ನಡುವೆ ಯಾರಾದರೂ ತಮ್ಮ ಮನೆಯ ಕಷ್ಟ ಹೇಳಿಕೊಂಡು ಗುರುಗಳು ಸಮಾಧಾನ ಹೇಳಿದರೆ, ಅದು ಎಷ್ಟೇ ಬೆಲೆಬಾಳುವ ಮಾತಾಗಿದ್ದರೂ ಟಿಪ್ಪಣಿಗೆ ಸೇರಕೂಡದು.

ಶ್ಲೋಕವನ್ನು ಕಿವಿಯಿಂದ ಕೇಳಿ ಬರೆಯಬೇಡಿ, ಅಚ್ಚಾದ ಪುಸ್ತಕ ನೋಡಿ ಬರೆಯಿರಿ. ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಎರಡನೆಯ ಅಧ್ಯಾಯದ 47ನೆಯ ಶ್ಲೋಕದ ಕೊನೆಯಲ್ಲಿ ‘ಮಾ ತೇ ಸಂಗೋಽಸ್ತ್ವಕರ್ಮಣಿ’ ಎಂದಿದೆ. ಇದರ ಪದಚ್ಛೇದ ‘ಸಂಗಃ ಅಸ್ತು ಅಕರ್ಮಣಿ’. ಕರ್ಮ ಮಾಡದೆ ಕೂರುವುದರಲ್ಲಿ ನಿನಗೆ ಆಸಕ್ತಿ ಬೇಡ ಎಂಬುದು ಅರ್ಥ. ನಾನು ಅವಸರದಲ್ಲಿ ‘ಅಸ್ತು ಕರ್ಮಣಿ’ ಎಂದು ಬಿಡಿಸಿ ಬರೆದಿದ್ದೆ. ಒಂದು ಅಕಾರ ಬಿದ್ದುಹೋದದ್ದರಿಂದ ಮಾತು ತಲೆಕೆಳಗಾಯಿತು; ಆ ವಾರ ಬಾರದ ಗೆಳೆಯನು, ಕರ್ಮದಲ್ಲೇ ಆಸಕ್ತಿ ಬೇಡವೆಂದು ಕೃಷ್ಣ ಹೇಳಿದ್ದಾನೆಂದು ತಿಳಿದು, ಹಾಗೆಯೇ ಮನೆಯಲ್ಲಿ ತನ್ನ ತಂದೆಗೂ ವಿವರಿಸಿದ್ದನು. ಎರಡು ವಾರದ ನಂತರ ಗುರುಗಳು ಅವನಿಂದ ಅರ್ಥ ಹೇಳಿಸಿದಾಗಲೇ ತಪ್ಪು ಹೊರಬಿದ್ದದ್ದು. ಅಂದು ನನಗಾದ ಸಂಕಟ ಸಣ್ಣದಲ್ಲ.

ಟಿಪ್ಪಣಿಯಲ್ಲಿ ಮೂರು ಬಗೆಯ ಮಾತುಗಳು ಬೆರೆಯದಂತೆ ನೋಡಿಕೊಳ್ಳುವುದು ಅಷ್ಟೇ ಮುಖ್ಯ. ಗುರುಗಳು ಹೇಳಿದ ಮಾತಿನ ಮುಂದೆ ‘ಗು’, ಬರೆದವರಿಗೆ ಹೊಳೆದದ್ದರ ಮುಂದೆ ‘ನ’, ಬಗೆಹರಿಯದ ಸಂದೇಹದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುವುದು ನಮ್ಮ ರೂಢಿ. ಅರ್ಥವು ಯಾವ ಭಾಷ್ಯದಂತೆ ಎಂಬುದನ್ನೂ ಕಾಣಿಸಬೇಕು. ಎರಡನೆಯ ಅಧ್ಯಾಯದ 12ನೆಯ ಶ್ಲೋಕದಲ್ಲಿ ‘ನಾವೆಲ್ಲರೂ’ ಎಂಬ ಬಹುವಚನವಿದೆ. ಅದು ದೇಹಗಳ ಭೇದದಿಂದ ಬಂದದ್ದೇ ಹೊರತು ಆತ್ಮಗಳು ಬೇರೆ ಬೇರೆ ಎಂಬ ಅಭಿಪ್ರಾಯದಿಂದಲ್ಲ ಎನ್ನುತ್ತಾರೆ ಶಂಕರಾಚಾರ್ಯರು. ಆತ್ಮಗಳ ಭೇದ ನಿಜವೆಂಬುದಕ್ಕೆ ಅದೇ ಮಾತನ್ನು ಆಧಾರವಾಗಿ ಹಿಡಿಯುತ್ತಾರೆ ರಾಮಾನುಜಾಚಾರ್ಯರು. ಭಾಷ್ಯದ ಹೆಸರಿಲ್ಲದೆ ಬರೆದ ಒಂದು ಸಾಲು, ಬೇರೆ ಸಂಪ್ರದಾಯದ ಮನೆಯಲ್ಲಿ ಬೆಳೆದ ಗೆಳೆಯನಿಗೆ ತಪ್ಪಾಗಿಯೇ ಕಾಣುತ್ತದೆ.

ಟೈಪ್ ಮಾಡುವವರು ಯೂನಿಕೋಡ್‌ನಲ್ಲೇ ಮಾಡಬೇಕು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ್ದನ್ನು ವಾಟ್ಸ್ಆ್ಯಪ್‌ಗೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಫೋನಿನ ಕೀಲಿಮಣೆ ತಾನಾಗಿ ಸೂಚಿಸುವ ಪದಗಳನ್ನು ನಂಬಿದರೆ ಮಹಾಪ್ರಾಣಗಳು ಅಲ್ಪಪ್ರಾಣಗಳಾಗುವುದುಂಟು. ಶ್ಲೋಕ ಬರೆಯುವಾಗ ಆ ಸೌಲಭ್ಯವನ್ನು ನಿಲ್ಲಿಸಿಡುವುದು ಮೇಲು. ಕಡತದ ಹೆಸರಿನಲ್ಲಿ ಅಧ್ಯಾಯ, ಶ್ಲೋಕ, ದಿನಾಂಕ ಇದ್ದರೆ ಸಾಕು.

ಹಂಚುವ ಕೆಲಸವನ್ನು ಸರದಿಯ ಮೇಲೆ ಮಾಡಿ. ಈ ವಾರ ಬರೆದವರು ಮಂಗಳವಾರದೊಳಗೆ ಹಾಳೆ ಸಿದ್ಧಪಡಿಸುತ್ತಾರೆ, ಪಾಠಕ್ಕೆ ಬಂದಿದ್ದ ಇನ್ನೊಬ್ಬರು ತಮ್ಮ ಪುಸ್ತಕದೊಡನೆ ತಾಳೆ ನೋಡುತ್ತಾರೆ, ಆಮೇಲೆಯೇ ಅದು ಗುಂಪಿಗೆ ಹೋಗುತ್ತದೆ. ಗೆಳೆಯರಲ್ಲೊಬ್ಬಳು ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ನ್ಯಾಷನಲ್ ಕಾಲೇಜು ನಿಲ್ದಾಣ ತಲುಪುವುದರೊಳಗೆ ಹಿಂದಿನ ವಾರದ್ದನ್ನು ಓದಿ ಮುಗಿಸುತ್ತಾಳೆ. ಒಂದು ವಾರದ ಟಿಪ್ಪಣಿ ಅದಕ್ಕಿಂತ ಉದ್ದವಾಗಬೇಕಿಲ್ಲ. ಪ್ರಶ್ನಾರ್ಥಕ ಚಿಹ್ನೆಯ ಸಾಲುಗಳನ್ನು ಮಾತ್ರ ಗುಂಪಿನಲ್ಲೇ ಚರ್ಚಿಸಿ ಮುಗಿಸಬೇಡಿ. ನಮಸ್ಕಾರ, ಸೇವೆಗಳ ಜೊತೆಗೆ ಪರಿಪ್ರಶ್ನೆಯಿಂದ, ಅಂದರೆ ಮತ್ತೆ ಮತ್ತೆ ಕೇಳಿ, ಜ್ಞಾನವನ್ನು ತಿಳಿಯಬೇಕೆಂದು ಗೀತೆಯೇ ನಾಲ್ಕನೆಯ ಅಧ್ಯಾಯದ 34ನೆಯ ಶ್ಲೋಕದಲ್ಲಿ ಹೇಳುತ್ತದೆ. ಅವುಗಳನ್ನು ಒಂದು ಚೀಟಿಯಲ್ಲಿ ಬರೆದು ಪಾಠಕ್ಕೆ ಮುಂಚೆ ಗುರುಗಳ ಕೈಗೆ ಕೊಡಿ.

ತಪ್ಪು ಸಿಕ್ಕಾಗ ಹಳೆಯ ಹಾಳೆಯನ್ನು ಸದ್ದಿಲ್ಲದೆ ಬದಲಿಸುವುದು ಸರಿಯಲ್ಲ. ಅದನ್ನು ಈಗಾಗಲೇ ಓದಿದವರಿಗೆ ಏನು ತಿದ್ದಿದೆವೆಂದು ಗೊತ್ತಾಗಬೇಕು. ನಮ್ಮ 2-47ರ ಹಾಳೆಯ ಮೇಲೆ, ‘ಕರ್ಮಣಿ ಅಲ್ಲ, ಅಕರ್ಮಣಿ’ ಎಂಬ ಸಾಲು ತಿದ್ದಿದ ದಿನಾಂಕದೊಡನೆ ಇಂದಿಗೂ ಇದೆ.