ನಿಮಿರುವಿಕೆ ತೊಂದರೆ: ಕಾರಣ ಹುಡುಕುವುದು ಹೇಗೆ?

ಮೊದಲು ಒಂದು ವಿಷಯ ಗಮನಿಸಿ. ಬೆಳಿಗ್ಗೆ ಏಳುವಾಗ ಶಿಶ್ನ ತಾನಾಗಿ ಗಟ್ಟಿಯಾಗಿರುತ್ತಾ? ಹೌದಾದರೆ ನರ, ರಕ್ತನಾಳ ಬಹುಮಟ್ಟಿಗೆ ಸರಿ ಇವೆ. ಟೆನ್ಷನ್, ಭಯ, ಸಂಗಾತಿ ಜೊತೆಗಿನ ಮನಸ್ತಾಪ ಕಾರಣ ಇರಬಹುದು. ತಿಂಗಳುಗಟ್ಟಲೆ ಬೆಳಗಿನ ಆ ಗಟ್ಟಿತನವೂ ಇಲ್ಲ ಅಂದರೆ ಸುಮ್ನೆ ಕೂರಬೇಡಿ. ಶಿಶ್ನದ ರಕ್ತನಾಳ ಸುಮಾರು 1-2 ಮಿಲಿಮೀಟರ್ ಅಗಲ, ಹೃದಯದ್ದು 3-4. ಹಾಗಾಗಿ ಶುಗರ್, ಬಿಪಿ, ಕೊಲೆಸ್ಟ್ರಾಲ್, ಸಿಗರೇಟಿನಿಂದ ನಾಳ ಕಟ್ಟಿಕೊಳ್ಳತೊಡಗಿದರೆ ತೊಂದರೆ ಎಷ್ಟೋ ಸಲ ಮೊದಲು ಇಲ್ಲೇ ಕಾಣುತ್ತದೆ, ಎದೆನೋವು ಬರುವುದು ಕೆಲವು ವರ್ಷ ಆದಮೇಲೆ. ನಾಚಿಕೆಯಿಂದ ಇದನ್ನು ಮುಚ್ಚಿಡುವವರನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಖಾಲಿ ಹೊಟ್ಟೆಯ ಶುಗರ್, ಕೊಲೆಸ್ಟ್ರಾಲ್, ಬೆಳಗಿನ ಹೊತ್ತಿನ ಟೆಸ್ಟೊಸ್ಟೆರಾನ್ (ಗಂಡಸರ ಹಾರ್ಮೋನ್) ಪರೀಕ್ಷೆ ಮಾಡಿಸಿ. ಬಿಪಿ, ಖಿನ್ನತೆಯ ಕೆಲವು ಮಾತ್ರೆಗಳೂ ಕಾರಣ ಆಗಬಹುದು. ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ. ಹೃದಯಕ್ಕೆ ನೈಟ್ರೇಟ್ ಮಾತ್ರೆ ತಗೊಳ್ಳುವವರು ವಯಾಗ್ರ ನುಂಗಲೇಬೇಡಿ, ಬಿಪಿ ಜೀವಕ್ಕೇ ಅಪಾಯ ಆಗುವಷ್ಟು ಇಳಿಯಬಹುದು.